‘ಔಷಧಿ ಏನಾದ್ರೂ ತಗೊಳ್ತೀರಾ?’: ಕೊಟ್ಟಕ್ಕಲ್‌ನ ಒಂದು ಕಿಡ್ನಿ ಪ್ರಕರಣ

ಕೊಟ್ಟಕ್ಕಲ್ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಷಾಯ, ತೈಲ, ಅರಿಷ್ಟ. 1902ರಲ್ಲಿ ಪಿ.ಎಸ್. ವಾರಿಯರ್ ಶುರು ಮಾಡಿದ ಆರ್ಯ ವೈದ್ಯಶಾಲೆಯ ಊರು ಅದು. ಮಂಡಿನೋವು, ಸೊಂಟನೋವು ಅಂತ ಕರ್ನಾಟಕದಿಂದಲೂ ಜನ ಹೋಗಿಬರುತ್ತಾರೆ. ನಾನು ಬರೆಯುತ್ತಿರುವುದು ಆ ವೈದ್ಯಶಾಲೆಯ ವಿಷಯವಲ್ಲ. ಅದೇ ಊರಿನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಕಿಡ್ನಿ ವಿಭಾಗದ್ದು.

ಕೇರಳದ ಮಲಪ್ಪುರಂ ಜಿಲ್ಲೆಯ ಈ ಆಸ್ಪತ್ರೆಯಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ 22 ಜನರಿಗೆ ಒಂದೇ ಕಾಯಿಲೆ ಪತ್ತೆಯಾಯಿತು. ಹೆಸರು ಮೆಂಬ್ರೇನಸ್ ನೆಫ್ರೋಪತಿ. ಕಿಡ್ನಿಯಲ್ಲಿ ರಕ್ತ ಸೋಸುವ ಜರಡಿಗೆ ಬರುವ ಕಾಯಿಲೆ ಇದು. ಒಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಇಂಥ ಸಣ್ಣ ಜರಡಿಗಳಿರುತ್ತವೆ. ಬೇಡದ್ದನ್ನು ಹೊರಗೆ ಬಿಟ್ಟು, ಬೇಕಾದ ಪ್ರೋಟೀನನ್ನು ಒಳಗೇ ಉಳಿಸಿಕೊಳ್ಳುವುದು ಅವುಗಳ ಕೆಲಸ. ಈ ಕಾಯಿಲೆ ಬಂದರೆ ಜರಡಿಯ ಪೊರೆ ದಪ್ಪವಾಗುತ್ತದೆ, ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ.

ಬಂದವರಲ್ಲಿ ಹೆಚ್ಚಿನವರು ಹೇಳಿದ್ದು ಬಹಳ ಸಾಧಾರಣ ತೊಂದರೆಗಳನ್ನು. ಸುಸ್ತು. ಕಾಲು ಸ್ವಲ್ಪ ಊದಿಕೊಳ್ಳುತ್ತೆ. ಮೂತ್ರದಲ್ಲಿ ನೊರೆ ಜಾಸ್ತಿ. ಮೈಯೆಲ್ಲ ಬಾತುಕೊಂಡು ಬಂದವರು ಮೂವರು ಮಾತ್ರ. ಉಳಿದವರನ್ನು ನೋಡಿದರೆ ಯಾರೂ ‘ಇವರಿಗೆ ಕಿಡ್ನಿ ತೊಂದರೆ’ ಅನ್ನುವಂತಿರಲಿಲ್ಲ. ಪರೀಕ್ಷೆ ಮಾಡಿದಾಗ ಮಾತ್ರ ಎಲ್ಲರ ಮೂತ್ರದಲ್ಲೂ ಪ್ರೋಟೀನು ಇತ್ತು.

ಪ್ರೋಟೀನು ಸೋರುವುದು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಅದು ಕಡಿಮೆಯಾದರೆ ನೀರು ಹೊರಗೆ ಜಿನುಗಿ ಬೆಳಿಗ್ಗೆ ಕಣ್ಣಿನ ಕೆಳಗೆ, ಸಂಜೆ ಪಾದದಲ್ಲಿ ನಿಲ್ಲುತ್ತದೆ. ‘ನಿದ್ದೆ ಸರಿ ಆಗಿಲ್ಲ’, ‘ಬಸ್ಸಿನಲ್ಲಿ ಜಾಸ್ತಿ ಹೊತ್ತು ಕೂತಿದ್ದೆ’ ಅಂದುಕೊಂಡು ತಿಂಗಳುಗಟ್ಟಲೆ ಸುಮ್ನಿರಬಹುದು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನುಗಳೂ ಜೊತೆಗೇ ಹೋಗಿಬಿಡುತ್ತವೆ. ಕೊಟ್ಟಕ್ಕಲ್‌ನ ಒಬ್ಬ ರೋಗಿಗೆ ಮೆದುಳಿನ ರಕ್ತನಾಳದಲ್ಲೇ ರಕ್ತ ಹೆಪ್ಪುಗಟ್ಟಿತ್ತು. ಸುಸ್ತು, ನೊರೆ ಅನ್ನುವ ಹಂತದಿಂದ ಅಲ್ಲಿಗೆ ಅಂತರ ಅಷ್ಟೇ.

ಡಾಕ್ಟರುಗಳಿಗೆ ಗೊಂದಲ ಹುಟ್ಟಿಸಿದ್ದು ಬೇರೆಯೇ ಒಂದು ಸಂಗತಿ. ಈ ಕಾಯಿಲೆಯಲ್ಲಿ ಹೆಚ್ಚಾಗಿ ಕಾಣುವುದು ಪಿಎಲ್‌ಎ2ಆರ್ ಎಂಬ ಪ್ರೋಟೀನಿನ ಗುರುತು. ಆದರೆ ಇವರಲ್ಲಿ 15 ಜನರ ಬಯಾಪ್ಸಿಯಲ್ಲಿ ಸಿಕ್ಕಿದ್ದು ನೆಲ್-1 ಎಂಬ ಇನ್ನೊಂದು ಪ್ರೋಟೀನು. 22ರಲ್ಲಿ 15, ಅಂದರೆ ನೂರಕ್ಕೆ 68. ನೆಲ್-1 ಅಷ್ಟು ಜಾಸ್ತಿ ಕಾಣುವಂಥದ್ದಲ್ಲ. ಕಂಡಾಗ ಡಾಕ್ಟರುಗಳು ‘ಮೈಯಲ್ಲಿ ಎಲ್ಲಾದರೂ ಕ್ಯಾನ್ಸರ್ ಅಡಗಿದೆಯಾ’ ಅಂತ ಹುಡುಕುತ್ತಾರೆ. ಇಲ್ಲಿ ಬಂದವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಶಾಲೆಗೆ ಹೋಗುವ ಹುಡುಗಿಯಲ್ಲಿ ಕ್ಯಾನ್ಸರಿನ ಗುರುತು ಯಾಕೆ?

ಆ ಹುಡುಗಿಯಿಂದಲೇ ಎಳೆ ಸಿಕ್ಕಿತು. ಮಾಮೂಲಿ ಔಷಧಿಗೆ ಅವಳ ಕಾಯಿಲೆ ಬಗ್ಗಲಿಲ್ಲ. ಅಷ್ಟರಲ್ಲಿ ಅವಳ ಸಂಬಂಧಿಯೊಬ್ಬಳು ಅದೇ ಕಾಯಿಲೆ, ಅದೇ ನೆಲ್-1 ಜೊತೆ ಬಂದಳು. ಎರಡು ಮನೆ, ಒಂದೇ ಅಪರೂಪದ ಕಾಯಿಲೆ. ಇದು ಆಕಸ್ಮಿಕ ಇರಲಾರದು ಅಂತ ಡಾ. ಸಜೀಶ್ ಶಿವದಾಸ್, ಡಾ. ರಂಜಿತ್ ನಾರಾಯಣನ್ ಕೆದಕಿ ಕೇಳಿದರು. ಇಬ್ಬರಿಗೂ ಸಮಾನವಾಗಿದ್ದದ್ದು ಮುಖಕ್ಕೆ ಹಚ್ಚುತ್ತಿದ್ದ ಬೆಳ್ಳಗಾಗುವ ಕ್ರೀಮು. ಆಮೇಲೆ ಒಬ್ಬ ಯುವಕ ಬಂದ. ಅವನನ್ನು ಮೊದಲೇ ಕೇಳಿದರು. ಹೌದು, ಎರಡು ತಿಂಗಳಿಂದ ಹಚ್ಚುತ್ತಿದ್ದೇನೆ ಅಂದ. ಆಗ ಡಾಕ್ಟರುಗಳು ಮಾಡಿದ ಕೆಲಸ ನನಗೆ ಈ ಇಡೀ ಪ್ರಕರಣದಲ್ಲೇ ದೊಡ್ಡದಾಗಿ ಕಾಣುತ್ತದೆ. ಹಳೆಯ ರೋಗಿಗಳನ್ನು ಮತ್ತೆ ಕರೆಸಿ ಅದೇ ಪ್ರಶ್ನೆ ಕೇಳಿದರು. ಕೊನೆಗೆ ಲೆಕ್ಕ ಹಾಕಿದಾಗ ನೆಲ್-1 ಇದ್ದ 15 ಜನರಲ್ಲಿ 13 ಜನ ಕಾಯಿಲೆ ಶುರುವಾಗುವ ಮೊದಲು ಫೇರ್‌ನೆಸ್ ಕ್ರೀಮು ಹಚ್ಚಿದ್ದರು. ಇನ್ನೊಬ್ಬರು ನಾಟಿ ಔಷಧಿ ತಗೊಂಡಿದ್ದರು. ಉಳಿದ ಒಬ್ಬರಿಗೆ ಕಾರಣ ಸಿಗಲಿಲ್ಲ.

ಹಾಗಾದರೆ ಮೊದಲ ಸಲ ಬಂದಾಗಲೇ ಇವರು ಯಾಕೆ ಹೇಳಲಿಲ್ಲ? ಮುಚ್ಚಿಟ್ಟರು ಅನ್ನುವುದು ಸುಲಭ. ಆದರೆ ನಮ್ಮ ಯಾವುದೇ ಆಸ್ಪತ್ರೆಯಲ್ಲಿ ನಡೆಯುವ ಮಾತು ನೆನಪಿಸಿಕೊಳ್ಳಿ. ‘ಶುಗರ್ ಇದೆಯಾ? ಬಿಪಿ ಇದೆಯಾ? ಔಷಧಿ ಏನಾದ್ರೂ ತಗೊಳ್ತೀರಾ?’ ‘ಇಲ್ಲ ಡಾಕ್ಟ್ರೇ.’ ಇದು ಸುಳ್ಳಲ್ಲ. ಕ್ರೀಮನ್ನು ಯಾರೂ ‘ತಗೊಳ್ಳುವುದಿಲ್ಲ’, ಹಚ್ಚುತ್ತಾರೆ. ಅದು ಔಷಧಿಯೂ ಅಲ್ಲ, ಪೌಡರು, ಕಾಡಿಗೆ ಇರುವ ಕಪಾಟಿನ ಸಾಮಾನು. ಕಿಡ್ನಿ ಡಾಕ್ಟರ ಮುಂದೆ ಕೂತವರಿಗೆ ತಮ್ಮ ಮುಖದ ಕ್ರೀಮಿಗೂ ಕಿಡ್ನಿಗೂ ಸಂಬಂಧ ಇದೆ ಅಂತ ಹೊಳೆಯುವುದಾದರೂ ಹೇಗೆ?

ಸಂಬಂಧ ಇರುವುದು ಪಾದರಸದಿಂದ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವ ಕೆಲಸ ಮಾಡಲು ಅದರಲ್ಲಿ ತಾಮ್ರ ಇರಬೇಕು. ಪಾದರಸದ ಲವಣಗಳು ಅಡ್ಡ ಬಂದು ತಾಮ್ರದ ಜಾಗ ಹಿಡಿದುಬಿಡುತ್ತವೆ. ಬಣ್ಣ ತಯಾರಾಗುವುದು ನಿಲ್ಲುತ್ತದೆ. ಒಂದೆರಡು ವಾರದಲ್ಲೇ ಮುಖ ಬಿಳಿಚಿಕೊಳ್ಳುತ್ತದೆ. ಅಂದರೆ ಕ್ರೀಮು ಮೋಸ ಮಾಡುತ್ತಿಲ್ಲ, ಹೇಳಿದ್ದನ್ನು ಮಾಡಿಯೇ ತೋರಿಸುತ್ತದೆ. ‘ನೋಡು, ಅವಳಿಗೆ ಎಷ್ಟು ಬೇಗ ರಿಸಲ್ಟ್ ಬಂತು’ ಅನ್ನುವ ಮಾತು ಒಬ್ಬರಿಂದ ಒಬ್ಬರಿಗೆ ಹರಡುವುದು ಅದಕ್ಕೇ. ಈ ಡಬ್ಬಿಗಳಿಗೆ ಟಿವಿ ಜಾಹೀರಾತು ಬೇಕಾಗಿಲ್ಲ.

ಆದರೆ ಪಾದರಸ ಮುಖದಲ್ಲೇ ಕೂರುವುದಿಲ್ಲ. ಚರ್ಮದ ಮೂಲಕ, ಕೂದಲಿನ ಬೇರಿನ ರಂಧ್ರಗಳ ಮೂಲಕ ರಕ್ತಕ್ಕೆ ಇಳಿಯುತ್ತದೆ. ಈ ಬಗೆಯ ಪಾದರಸ ಹೆಚ್ಚಾಗಿ ಹೋಗಿ ಸೇರುವ ಜಾಗವೇ ಕಿಡ್ನಿ. ಬಸುರಿಯರಲ್ಲಿ ಹೊಟ್ಟೆಯ ಮಗುವಿಗೂ ದಾಟುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ಒಂದೆರಡು ತಿಂಗಳು ಬೇಕು.

ಎಷ್ಟು ಪಾದರಸ ಇರುತ್ತದೆ? ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮ 2020ರ ಪ್ರಕಾರ ಮುಖದ ಕ್ರೀಮಿನಲ್ಲಿ ಬೇಕೆಂದು ಪಾದರಸ ಹಾಕುವಂತೆಯೇ ಇಲ್ಲ. ಅರಿವಿಲ್ಲದೆ ಸೇರಿದ್ದರೂ ಹತ್ತು ಲಕ್ಷಕ್ಕೆ ಒಂದು ಭಾಗ ಮೀರಬಾರದು. 50 ಗ್ರಾಂ ಡಬ್ಬಿಗೆ ಅದು ಒಂದು ಮಿಲಿಗ್ರಾಮಿನ ಇಪ್ಪತ್ತರಲ್ಲಿ ಒಂದು ಪಾಲು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಅಂತ ಅಂಗಡಿಗಳ ಮೇಲೆ ದಾಳಿ ಶುರು ಮಾಡಿತು. ವಶಪಡಿಸಿಕೊಂಡ ಮಾಲಿನಲ್ಲಿ ಕೆಲವದರಲ್ಲಿ ಪಾದರಸ ಮಿತಿಗಿಂತ 12,000 ಪಟ್ಟು ಇತ್ತು. ಲೆಕ್ಕ ಹಾಕಿದರೆ 50 ಗ್ರಾಂ ಡಬ್ಬಿಯಲ್ಲಿ 600 ಮಿಲಿಗ್ರಾಂ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಇರುವುದು ಹೆಚ್ಚುಕಡಿಮೆ ಅಷ್ಟೇ. ಚಿಕ್ಕಂದಿನಲ್ಲಿ ಥರ್ಮಾಮೀಟರ್ ಒಡೆದಾಗ ಅಮ್ಮ ‘ಮುಟ್ಟಬೇಡ, ವಿಷ!’ ಅಂತ ಕೂಗಿದ್ದು ನನಗೆ ಇನ್ನೂ ನೆನಪಿದೆ.

ಇಲ್ಲಿ ನನ್ನ ಮನೆಯದೇ ಒಂದು ವಿಷಯ ಹೇಳಬೇಕು. ಕೆಲವು ವರ್ಷದ ಹಿಂದೆ ಅತ್ತೆಯ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗನ ಕಡೆಯವರು ಬಣ್ಣದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಮ್ಮವರೇ ಶುರು ಮಾಡಿದರು. ‘ಫೋಟೋದಲ್ಲಿ ಚೆನ್ನಾಗಿ ಬರಬೇಕಲ್ವಾ?’ ಗಲ್ಫಿನಿಂದ ಬಂದ ನೆಂಟರೊಬ್ಬರು ಒಂದು ಪುಟ್ಟ ಡಬ್ಬಿ ತಂದುಕೊಟ್ಟರು. ಜೊತೆಗಿದ್ದ ಚೀಟಿಯಲ್ಲಿ ಚಿನ್ನ, ಬೆಳ್ಳಿ ಒಡವೆಗಳಿಗೆ ತಾಗಿಸಬೇಡಿ ಅಂತ ಬರೆದಿತ್ತು. ಅತ್ತೆ ಅದನ್ನು ಓದಿಸಿಕೊಂಡು, ‘ಓಲೆ, ಸರ ತೆಗೆದಿಟ್ಟು ಹಚ್ಚಿಕೊ ಮಗಾ, ಬಂಗಾರ ಹಾಳಾದೀತು’ ಅಂದರು. ಅವಳು ಹಾಗೇ ಮಾಡಿದಳು. ನಾವೆಲ್ಲ ಅಲ್ಲೇ ಕೂತಿದ್ದೆವು. ಒಬ್ಬರಿಗೂ ಏನೂ ಅನ್ನಿಸಲಿಲ್ಲ.

ಪಾದರಸ ಚಿನ್ನದ ಜೊತೆ ಬೆರೆತು ಅದನ್ನು ಬಿಳಿಯಾಗಿಸುತ್ತದೆ ಅಂತ ಅಕ್ಕಸಾಲಿಗರನ್ನು ಕೇಳಿದ್ದರೆ ಹೇಳುತ್ತಿದ್ದರು. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರಿಗೆ ತಾಗಿಸಬೇಡಿ ಅನ್ನುವ ಎಚ್ಚರಿಕೆ ಇದ್ದರೆ ಆ ಕ್ರೀಮಿನಲ್ಲಿ ಪಾದರಸ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕೈಪಿಡಿಯಲ್ಲೇ ಬರೆದಿದೆ. ನಮಗೆ ಅದು ಗೊತ್ತಾದದ್ದು ಕೊಟ್ಟಕ್ಕಲ್ ಸುದ್ದಿ ಬಂದ ಮೇಲೆ. ಅವಳ ಪುಣ್ಯ, ಹದಿನೈದೇ ದಿನಕ್ಕೆ ಮುಖ ಉರಿ ಬಂದು ಬಿಟ್ಟಿದ್ದಳು. ಆಮೇಲೆ ಮಾಡಿಸಿದ ಮೂತ್ರ ಪರೀಕ್ಷೆಯಲ್ಲಿ ಏನೂ ಇರಲಿಲ್ಲ.

ಇದು ಹೊಸ ವಿಷಯವೂ ಅಲ್ಲ. 1972ರಲ್ಲಿ, ಕೀನ್ಯಾದ ನೈರೋಬಿಯಲ್ಲಿ, ಮೈ ಊದಿ ಮೂತ್ರದಲ್ಲಿ ಪ್ರೋಟೀನು ಸೋರುತ್ತಿದ್ದ 60 ರೋಗಿಗಳನ್ನು ಡಾಕ್ಟರುಗಳು ವಿಚಾರಿಸಿದರು. ನೂರಕ್ಕೆ 53ರಷ್ಟು ಜನ ಪಾದರಸ ಇರುವ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಅಚ್ಚಾಯಿತು. ಐವತ್ತು ವರ್ಷವಾದ ಮೇಲೆ ಕೊಟ್ಟಕ್ಕಲ್‌ನಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಹೊಸದಾಗಿ ಕಂಡುಹಿಡಿಯಬೇಕಾಯಿತು. ನೆಲ್-1 ಜೊತೆಗಿನ ನಂಟಿನ ಸುಳಿವು ಮಾತ್ರ ಸ್ವಲ್ಪ ಮೊದಲೇ ಇತ್ತು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಾದರಸ ಇರುವ ಕೆಲವು ನಾಟಿ ಔಷಧಿ ತಗೊಂಡವರಲ್ಲಿ ಇದೇ ಗುರುತು ಕಂಡಿತ್ತು. ಅದೇ ಹೊತ್ತಿಗೆ ಮಹಾರಾಷ್ಟ್ರದ ಅಕೋಲಾದಲ್ಲಿ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಒಟ್ಟಿಗೇ ಕಿಡ್ನಿ ಕಾಯಿಲೆ ಬಂತು. ಮುಂಬೈಯ ಕೆಇಎಂ ಆಸ್ಪತ್ರೆಯವರು ಹುಡುಕುತ್ತಾ ಹೋಗಿ ತಲುಪಿದ್ದು ಸ್ಥಳೀಯವಾಗಿ ಸಿಕ್ಕ ಒಂದು ಕ್ರೀಮಿಗೆ.

ಕೊಟ್ಟಕ್ಕಲ್‌ನ ರೋಗಿಗಳಿಗೆ ಏನಾಯಿತು? ಇಲ್ಲಿ ಸಮಾಧಾನದ ಸುದ್ದಿಯೇ ಇದೆ. ಮೆಂಬ್ರೇನಸ್ ನೆಫ್ರೋಪತಿ ಜೋರಾಗಿದ್ದರೆ ಸಾಮಾನ್ಯವಾಗಿ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಬಲವಾದ ಔಷಧಿ ಕೊಡಬೇಕಾಗುತ್ತದೆ. ಅದರದ್ದೇ ಅಡ್ಡಪರಿಣಾಮ ಬೇರೆ. ಇವರಲ್ಲಿ ಹೆಚ್ಚಿನವರು ಕ್ರೀಮು ಬಿಟ್ಟ ಮೇಲೆ ಚೇತರಿಸಿಕೊಂಡರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರೂ ಸೇರಿ ಯಾರ ಕಿಡ್ನಿಯೂ ಪೂರ್ತಿ ಕೈಕೊಡಲಿಲ್ಲ. ಸರಿಯಾದ ಪ್ರಶ್ನೆಯೊಂದು ಬಲವಾದ ಔಷಧಿಯನ್ನು ತಪ್ಪಿಸಿತು. ಆದರೆ ಆ ಪ್ರಶ್ನೆ ಎಲ್ಲ ಕಡೆ ಕೇಳುತ್ತಾರೆ ಅಂತೇನಿಲ್ಲ.

ಬಿಡುವುದೂ ಅಷ್ಟು ಸಲೀಸಲ್ಲ. ಕ್ರೀಮು ಬಣ್ಣ ತಯಾರಿಸುವ ಜೀವಕೋಶಗಳನ್ನು ಕೊಂದಿರುವುದಿಲ್ಲ, ಸುಮ್ನೆ ಕಟ್ಟಿಹಾಕಿರುತ್ತದೆ. ಬಿಟ್ಟ ಕೂಡಲೇ ಅವು ಮತ್ತೆ ಕೆಲಸ ಶುರು ಮಾಡುತ್ತವೆ. ಮೆಲನಿನ್ ಇಲ್ಲದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ‘ಬಿಟ್ಟ ಮೇಲೆ ಮೊದಲಿಗಿಂತ ಕಪ್ಪಾದೆ’ ಅಂತ ಹೆದರಿ ಮತ್ತೆ ಡಬ್ಬಿ ತೆಗೆಯುತ್ತಾರೆ. ತುಂಬ ದಿನ ಹಚ್ಚಿದರೆ ಪಾದರಸವೇ ಚರ್ಮದ ಬಣ್ಣ ಕೆಡಿಸಿ ಕಲೆ ಬೀಳಿಸುತ್ತದೆ. ಆ ಕಲೆ ಮುಚ್ಚಲು ಇನ್ನಷ್ಟು ಕ್ರೀಮು. ಹೀಗೆ ಒಂದು ಡಬ್ಬಿ ಹತ್ತು ಡಬ್ಬಿ ಆಗುತ್ತದೆ.

ಈ ಜಾಗದಲ್ಲಿ ಇನ್ನೊಂದು ಬಗೆಯ ಕ್ರೀಮಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅದು ಗಲ್ಫಿನಿಂದ ಬರಬೇಕಾಗಿಲ್ಲ, ನಮ್ಮ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಮುಖದ ಮೇಲೆ ಬರುವ ಕಂದು ಕಲೆಗೆ, ಅಂದರೆ ಬಂಗಿಗೆ, ಚರ್ಮದ ಡಾಕ್ಟರು ಕೆಲವೇ ವಾರಕ್ಕೆ ಅಂತ ಬರೆದುಕೊಡುವ ಟ್ಯೂಬು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟೆರಾಯ್ಡ್. ಅದನ್ನು ಅಕ್ಕ, ತಂಗಿ, ಪಕ್ಕದ ಮನೆಯವರು ಎಲ್ಲ ಹಂಚಿಕೊಂಡು ವರ್ಷಗಟ್ಟಲೆ ಹಚ್ಚುತ್ತಾರೆ. ಇದು ಹಾಳು ಮಾಡುವುದು ಮುಖವನ್ನೇ. ಚರ್ಮ ತೆಳ್ಳಗಾಗಿ ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ ಹಲವು ಆಸ್ಪತ್ರೆಗಳಿಗೆ ಮುಖದ ತೊಂದರೆ ಅಂತ ಬಂದ 2,926 ಜನರಲ್ಲಿ 433 ಜನ ಸ್ಟೆರಾಯ್ಡ್ ಕ್ರೀಮು ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಹೇಳಿದವರು ಡಾಕ್ಟರೇ ಅಲ್ಲ. 2018ರಲ್ಲಿ ಕೇಂದ್ರ ಸರಕಾರ 14 ಸ್ಟೆರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ಪಟ್ಟಿಯ ಪಾಡಿಗೆ ಇದೆ.

ಕಾನೂನಿನ ಕೊರತೆ ಪಾದರಸದ ವಿಷಯದಲ್ಲೂ ಇಲ್ಲ. ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಒಪ್ಪಿಕೊಂಡಿತು. 2023ರಲ್ಲಿ ಜಿನೀವಾದಲ್ಲಿ ಸೇರಿದಾಗ, ಮಿತಿಯ ಮಾತೇ ಬೇಡ, 2025ರೊಳಗೆ ಪಾದರಸ ಹಾಕಿದ ಸೌಂದರ್ಯ ಸಾಮಾನು ಪೂರ್ತಿ ನಿಲ್ಲಬೇಕು ಅಂತ ತೀರ್ಮಾನವಾಯಿತು. ಆದರೆ ಕಾನೂನಿನ ಕಣ್ಣಿಗೆ ಬೀಳಬೇಕಾದರೆ ಡಬ್ಬಿಗೆ ಒಂದು ವಿಳಾಸ ಬೇಕಲ್ಲ? ಸಿಕ್ಕಿಬಿದ್ದ ಎಷ್ಟೋ ಡಬ್ಬಿಗಳ ಮೇಲೆ ತಯಾರಿಸಿದವರ ವಿಳಾಸ ಇರಲಿಲ್ಲ, ಲೈಸೆನ್ಸ್ ನಂಬರ್ ಇರಲಿಲ್ಲ, ಒಳಗೆ ಏನಿದೆ ಅನ್ನುವ ಪಟ್ಟಿಯೂ ಇರಲಿಲ್ಲ.

ಜಾಗೃತಿ ಅನ್ನುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ‘ಕಪ್ಪು ಕೂಡ ಸುಂದರ’ ಅಂತ ಪೋಸ್ಟರ್ ಮಾಡುತ್ತಾರೆ. ಬೇಡ ಅನ್ನುವುದಿಲ್ಲ. 2020ರಲ್ಲಿ ದೇಶದ ದೊಡ್ಡ ಬ್ರಾಂಡೊಂದು ತನ್ನ ಹೆಸರಿನಿಂದ ‘ಫೇರ್’ ಪದವನ್ನೇ ತೆಗೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ನೆಂಟರ ಸೂಟ್‌ಕೇಸಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ, ಫ್ಯಾನ್ಸಿ ಸ್ಟೋರಿನ ಗಾಜಿನ ಕೆಳಗೆ ಇರುವ ಡಬ್ಬಿಗೂ ಆ ಚಪ್ಪಾಳೆಗೂ ಸಂಬಂಧವಿಲ್ಲ. ಹಚ್ಚುವವಳಿಗೆ ‘ಬಣ್ಣ ಮುಖ್ಯ ಅಲ್ಲ ಕಣಮ್ಮಾ’ ಅಂತ ಭಾಷಣ ಮಾಡಿದರೆ ಅವಳು ತಲೆಯಾಡಿಸಿ ಬಾತ್‌ರೂಮಿಗೆ ಹೋಗಿ ಹಚ್ಚುತ್ತಾಳೆ. ‘ಮೂತ್ರದಲ್ಲಿ ನೊರೆ ಬರುತ್ತಿದೆಯಾ, ನೋಡಿಕೊ’ ಅಂದರೆ ನೋಡಿಕೊಳ್ಳುತ್ತಾಳೆ. ನನಗೆ ಈ ಎರಡನೆಯದರಲ್ಲೇ ನಂಬಿಕೆ ಜಾಸ್ತಿ.

ನೊರೆ ಅಂದರೆ ಎಂಥ ನೊರೆ? ಜೋರಾಗಿ ಹೋದಾಗ ಎಲ್ಲರಿಗೂ ಗುಳ್ಳೆ ಬರುತ್ತದೆ, ಕ್ಷಣದಲ್ಲಿ ಒಡೆಯುತ್ತದೆ. ಸೋಪಿನ ನೀರಿನ ಹಾಗೆ ನಿಂತೇ ಇದ್ದರೆ, ಅದೂ ದಿನಾ ಹಾಗೇ ಆದರೆ, ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಬೇಕು. ಯಾವ ಸಣ್ಣ ಲ್ಯಾಬಿನಲ್ಲೂ ಆಗುವ, ಹೆಚ್ಚು ಖರ್ಚಿಲ್ಲದ ಪರೀಕ್ಷೆ. ಹೋಗುವಾಗ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಡಾಕ್ಟರು ಕೇಳದಿದ್ದರೂ ಮೇಜಿನ ಮೇಲೆ ಇಡಿ. ಕ್ರೀಮಿನಲ್ಲಿ ಪಾದರಸ ಇದೆಯೋ ಇಲ್ಲವೋ ಅಂತ ಮನೆಯಲ್ಲಿ ಮೂಸಿ ನೋಡಿ ತಿಳಿಯುವುದಿಲ್ಲ.

ಆ ಒಬ್ಬರ ವಿಷಯ ಉಳಿಯಿತು. ಹದಿನೈದರಲ್ಲಿ ಕಾರಣ ಸಿಗದೆ ಹೋದವರು. ಪಾದರಸ ಹಚ್ಚಿದವರ ಮುಖದಿಂದ ಟವೆಲಿಗೆ, ದಿಂಬಿನ ಕವರಿಗೆ, ಮುದ್ದು ಮಾಡುವ ಮಗುವಿನ ಕೆನ್ನೆಗೆ ಅಂಟುತ್ತದೆ. ಆವಿಯಾಗಿ ಕೋಣೆಯ ಗಾಳಿಗೂ ಸೇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಹೀಗೆ ಕ್ರೀಮು ಮುಟ್ಟದ ಮನೆಮಂದಿಯ ಮೂತ್ರದಲ್ಲೂ ಪಾದರಸ ಸಿಕ್ಕಿತ್ತು. ಹಾಗಾಗಿ ಕೊಟ್ಟಕ್ಕಲ್‌ನ ಪ್ರಶ್ನೆಗೆ ಇನ್ನೆರಡು ಪದ ಸೇರಿಸಬೇಕು ಅನ್ನಿಸುತ್ತದೆ. ‘ಮುಖಕ್ಕೆ ಏನು ಹಚ್ಚುತ್ತೀರಿ?’ ಅಂತ ಕೇಳಿದ ಮೇಲೆ, ‘ಮನೆಯಲ್ಲಿ ಬೇರೆಯವರು?’